ಬಳಗ ಕೇಳಿದರೆ ಬಳೆ ತಂದ ಹಕ್ಕಿ

ಲೋಕ ಇನ್ನೂ ಹಸಿಮಣ್ಣಾಗಿದ್ದ ಕಾಲ. ಬಂಡೆಯನ್ನು ಒತ್ತಿದರೂ ಬೆರಳಚ್ಚು ಮೂಡುತ್ತಿತ್ತು.

ಹಕ್ಕಿಗಳನ್ನೆಲ್ಲ ಮಾಡಿ ಮುಗಿಸಿದ ಬೆಟ್ಟಜ್ಜಿ ಅವನ್ನು ಕರೆದಳು.

“ಒಬ್ಬೊಬ್ಬರೇ ಬನ್ನಿ. ನಿಮ್ಮ ಬಳಗ ತೋರಿಸಿ. ಬಳಗ ಇದ್ದವರಿಗೆ ಒಂದು ಹೆಸರು, ಇರಲು ಒಂದು ಮರ. ಇಲ್ಲದವರನ್ನು ಸಂಜೆಗೆ ಮತ್ತೆ ಮಣ್ಣಿಗೆ ಕಲಸಿಬಿಡುತ್ತೇನೆ.”

ಕಾಗೆ ಬಂತು, ಬಳಗ ತೋರಿಸಿತು. ಗಿಳಿ ಬಂತು, ಬಳಗ ತೋರಿಸಿತು. ಹರಟೆಮಲ್ಲ ಹಕ್ಕಿ ಬಂತು. ಅದರ ಬಳಗ ಕಾಣುವ ಮೊದಲೇ ಕೇಳಿಸಿತು.

ಕೊನೆಗೆ ಹೆಬ್ಬೆರಳಿಗಿಂತ ತುಸು ದೊಡ್ಡದಾದ ಒಂದು ಹಸಿರು ಹಕ್ಕಿ ಬಂತು. ಒಂದೇ ಒಂದು.

“ನಿನ್ನ ಬಳಗ ಎಲ್ಲಿ?”

ಅಜ್ಜಿ ಮೊದಲು ಕರೆದಾಗ ಬೀಸಿದ್ದ ಗಾಳಿಯೇ ಈಗಲೂ ಬೀಸಿತು. ಹಕ್ಕಿಗೆ ಎರಡು ಸಲವೂ ಅರ್ಧ ಮಾತೇ ಕೇಳಿಸಿತು.

“ಬಳೆಯೇ? ಸಂಜೆಯೊಳಗೆ ತರುತ್ತೇನೆ, ಅಜ್ಜಿ!” ಎಂದು ಹಾರಿಯೇ ಹೋಯಿತು.

ಹೊಳೆಯ ದಡಕ್ಕೆ ಬಂತು.

“ಹೊಳೆಯಕ್ಕ, ಒಂದು ಬಳೆ ಕೊಡು. ಇಲ್ಲದಿದ್ದರೆ ನಾನು ಮಣ್ಣಾಗುತ್ತೇನೆ.”

ಹೊಳೆ ನಕ್ಕಿತು. “ತೊಡಲು ನಿನಗೆ ಕೈಯೇ ಇಲ್ಲವಲ್ಲೇ!”

“ಕಣ್ಣಿದೆಯಲ್ಲ. ಅಲ್ಲಿಗೇ ತೊಡಿಸು.”

ಹೊಳೆ ತನ್ನ ನೊರೆಯನ್ನು ಸುಳಿಯಲ್ಲಿ ತಿರುಗಿಸಿ ಎರಡು ಪುಟ್ಟ ಬಿಳಿ ಬಳೆ ಮಾಡಿತು. ಈ ಕಣ್ಣಿಗೊಂದು, ಆ ಕಣ್ಣಿಗೊಂದು.

ಹಕ್ಕಿ ಮರಳಿದಾಗ ಹೊತ್ತು ಮುಳುಗುತ್ತಿತ್ತು.

“ಪೆದ್ದೀ,” ಎಂದಳು ಬೆಟ್ಟಜ್ಜಿ. “ನಾನು ಕೇಳಿದ್ದು ಬಳಗ. ಬಳೆಯಲ್ಲ.”

“ಬಳಗವೇ? ನನ್ನಂಥವರನ್ನು ನಾನು ಒಮ್ಮೆಯೂ ಕಂಡಿಲ್ಲ, ಅಜ್ಜಿ.”

ಅಜ್ಜಿಯ ಒದ್ದೆ ಕೈ ಕೆಳಗಿಳಿಯಿತು. ಹಕ್ಕಿ ಕಣ್ಣು ಮುಚ್ಚಲಿಲ್ಲ. ಮಬ್ಬಿನಲ್ಲಿ ಎರಡು ಬಳೆ ಬೆಳಗುತ್ತಿದ್ದವು.

ಪಕ್ಕದ ಮರದಿಂದ ಒಂದು ಸಣ್ಣ ದನಿ ಬಂತು.

“ಯಾರದು, ಬಿಳಿ ಬಳೆಯವಳು? ಆ ಕೊಕ್ಕು ನನ್ನದರ ಹಾಗೇ ಇದೆ!”

ಎಲೆಯೊಂದು ಹಾರಿ ಬಂತು. ಎಲೆಯಲ್ಲ, ಹಸಿರು ಹಕ್ಕಿ. ಇನ್ನೊಂದು ಎಲೆ ಹಾರಿತು. ಅದೂ ಹಕ್ಕಿ.

“ಅಯ್ಯೋ, ನಾನೊಬ್ಬನೇ ಅಂದುಕೊಂಡಿದ್ದೆ!”

“ನಾನೂ!”

“ನಾನೂ!”

ಹಸಿರೆಲೆಯೊಳಗೆ ಹಸಿರು ಹಕ್ಕಿ. ಅಷ್ಟು ದಿನ ಒಂದಕ್ಕೊಂದು ಕಂಡೇ ಇರಲಿಲ್ಲ. ಈಗ ಮರಕ್ಕೆ ಮರವೇ ಎದ್ದು ಹಾರಿದಂತಾಯಿತು. ಕೆಂಪಗಿದ್ದ ಬಾನು ಹಸಿರಾಯಿತು. ಗಾಳಿ ಉಸಿರು ಹಿಡಿದು ನೋಡಿತು.

ಬೆಟ್ಟಜ್ಜಿಯ ಕೈ ನಿಂತಿತು. ಎಣಿಸಿದಳು. ತಪ್ಪಿತು. ಮತ್ತೆ ಎಣಿಸಿದಳು. ಮತ್ತೆ ತಪ್ಪಿತು.

“ಸಾಕು,” ಎಂದಳು. “ಇವರ ಬಳಗಕ್ಕೇನೂ ಕೊರತೆಯಿಲ್ಲ. ಆದರೆ ಇವರನ್ನು ಯಾರ ಪಕ್ಕ ಕೂರಿಸಲಿ?”

“ನಮ್ಮ ಪಕ್ಕ!” ಎಂದಿತು ಹರಟೆಮಲ್ಲ. “ಇವರ ಬಾಯಿ ಕೇಳು, ಅಜ್ಜಿ. ಒಂದಾದರೂ ಸುಮ್ಮನಿದೆಯೇ? ನಮ್ಮ ನೆಂಟರೇ ಇವರು.”

ಅಜ್ಜಿ ಒಪ್ಪಿದಳು. ಬೆಳ್ಗಣ್ಣ ಎಂದು ಹೆಸರಿಟ್ಟಳು. ಹೊಳೆ ಎಲ್ಲರ ಕಣ್ಣಿಗೂ ಬಳೆ ತೊಡಿಸಿತು.

ಈಗಲೂ ನೋಡು: ಬೆಳ್ಗಣ್ಣಗಳು ಕೊಂಬೆಯ ಮೇಲೆ ಒತ್ತೊತ್ತಾಗಿ ಕೂರುತ್ತವೆ, ಎಲೆಗಳ ನಡುವೆ ಕೂಗುತ್ತಲೇ ಇರುತ್ತವೆ, ಪಕ್ಕದಲ್ಲಿ ಇನ್ನೊಂದು ಬಿಳಿ ಬಳೆ ಕಾಣುವ ತನಕ ಯಾವುದೂ ಸುಮ್ಮನಾಗುವುದಿಲ್ಲ.