ತೊಟ್ಟಿಲುಗಾಡಿಯ ಗುಂಡಪ್ಪ

“ಸತ್ತವರನ್ನ ಮನಸಿನಾಗ ಇಟ್ಕೊಳ್ಳೋದು ತಪ್ಪೇನ್ರಿ, ಅಜ್ಜಾರ?” ಎಂದು ಅಡಿವೆಯ್ಯ ಕೇಳಿದ.

ಕೇಳಿದವನು ಮಠದ ಹಿರಿಯ ಶಿಷ್ಯ. ಇಪ್ಪತ್ತು ವರ್ಷ ಅವನ ಪಕ್ಕದಲ್ಲೇ ಕೂತು ಉಂಡ ಜೊತೆಗಾರ ಹಿಂದಿನ ವರ್ಷ ತೀರಿಕೊಂಡಿದ್ದ. ಆ ಜೊತೆಗಾರನ ಕೋಣೆಗೆ ಅಡಿವೆಯ್ಯ ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ದಿನಕ್ಕೊಮ್ಮೆ ಬಾಗಿಲು ತೆಗೆದು, ಕಸ ಹೊಡೆದು, ಸತ್ತವನ ಹಾವುಗೆಗಳನ್ನು ಒರೆಸಿಟ್ಟು ಮತ್ತೆ ಮುಚ್ಚುತ್ತಿದ್ದ. ಮಠಕ್ಕೆ ಹೊಸದಾಗಿ ಬಂದ ಒಬ್ಬ ಕುಂಬಾರ ನಾಲ್ಕು ದಿನದಿಂದ ಹೊರಗಿನ ಕಟ್ಟೆಯ ಮೇಲೆ ಮಲಗುತ್ತಿದ್ದ. ಒಳಗೆ ಜಾಗ ಇಲ್ಲವೆಂದು ಅವನಿಗೆ ಹೇಳಿದವನು ಅಡಿವೆಯ್ಯನೇ.

ಗುರುಗಳು ಕೀಲಿಯ ಕಡೆ ನೋಡಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಅವನ ಹೆಂಡತಿ ಸೂಲಗಿತ್ತಿ. ಸುತ್ತ ಹನ್ನೆರಡು ಹಳ್ಳಿಗಳಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಅವಳಿಗೆ ಹೇಳಿಕಳಿಸುತ್ತಿದ್ದರು. ನೋವು ಬಸ್ಸಿನ ಹೊತ್ತು ನೋಡಿಕೊಂಡು ಬರುವುದಿಲ್ಲ. ಅದಕ್ಕೆ ಗಿರಣಿಯವನು ಹರಾಜಿನಲ್ಲಿ ಒಂದು ಮಿಲಿಟರಿ ಮೋಟಾರ್ ಸೈಕಲ್ಲು ಕೊಂಡು ತಂದ. ಅದರ ಎಡಮಗ್ಗುಲಿಗೆ ಮೂರನೆಯ ಗಾಲಿ, ಆ ಗಾಲಿಗೆ ಒಬ್ಬರು ಕಾಲು ಚಾಚಿ ಕೂರುವಂಥ ತಗಡಿನ ಡಬ್ಬಿ. ಪೇಟೆಯವರು ಅದನ್ನು ಸೈಡ್‌ಕಾರ್ ಎಂದರು. ಹಳ್ಳಿಯವರು ಅದರಲ್ಲಿ ಸೂಲಗಿತ್ತಿ ಕೂತು ಬರುವುದನ್ನು ನೋಡಿ ತೊಟ್ಟಿಲು ಎಂದರು. ಹಳ್ಳಿಯವರು ಇಟ್ಟ ಹೆಸರೇ ನಿಂತಿತು.

ಮೂವತ್ತು ವರ್ಷ ಅವನು ಗಾಡಿ ಓಡಿಸಿದ, ಅವಳು ತೊಟ್ಟಿಲಲ್ಲಿ ಕೂತಳು. ಅವರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ. ಇಂಜಿನ್ನಿನ ಸದ್ದಿನಲ್ಲಿ ಮಾತಾಡದೆ ಇರುವುದು ಸುಲಭ.

ಅವಳು ಹೆರಿಗೆ ಮಾಡಿಸಿದ ಮನೆಯವರು ಹೆಸರಿಡುವ ದಿನವೂ ಅವಳನ್ನೇ ಕರೆಯುತ್ತಿದ್ದರು. ಆ ದಿನದ ಶಾಸ್ತ್ರ ನಿನಗೂ ಗೊತ್ತು. ಖಾಲಿ ತೊಟ್ಟಿಲು ತೂಗಬಾರದು. ಅದಕ್ಕೆ ಅಡಿಗೆಮನೆಯ ರುಬ್ಬುಗುಂಡನ್ನು ತೊಳೆದು, ಕುಂಕುಮ ಹಚ್ಚಿ, ಕೂಸಿನ ಕುಂಚಿಗೆ ಸುತ್ತಿ ಮೊದಲು ಅದನ್ನು ತೊಟ್ಟಿಲಲ್ಲಿ ಮಲಗಿಸುತ್ತಾರೆ. ಆ ಕಲ್ಲಿಗೆ ಗುಂಡಪ್ಪ ಎನ್ನುತ್ತಾರೆ. ಹೆಂಗಸರು ಗುಂಡಪ್ಪನನ್ನು ನಾಲ್ಕು ಸಲ ತೂಗಿ ನಗಾಡುತ್ತಾರೆ. ಆಮೇಲೆ ಸೂಲಗಿತ್ತಿ ಕೂಸನ್ನು ಎತ್ತಿಕೊಂಡು ಬಂದು, “ಗುಂಡಪ್ಪನ್ನ ಎತ್ರೆವಾ, ಕೂಸು ಬಂದೈತಿ” ಎನ್ನುತ್ತಾಳೆ. ಕಲ್ಲು ಎದ್ದು ಹೋಗುತ್ತದೆ, ಕೂಸು ಮಲಗುತ್ತದೆ. ಗಿರಣಿಯವನು ಪ್ರತಿ ಸಲವೂ ಹೊರಗೆ ನಿಂತ ಗಾಡಿಗೆ ಒರಗಿಕೊಂಡು ಆ ಮಾತನ್ನು ಕಿಟಕಿಯಿಂದ ಕೇಳುತ್ತಿದ್ದ. ಆ ಮಾತು ಬಂತೆಂದರೆ ಊಟಕ್ಕೆ ಇನ್ನು ತಡವಿಲ್ಲ ಎಂದಷ್ಟೇ ಅವನಿಗೆ ಅರ್ಥವಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಹೆಂಡತಿ ಜ್ವರ ಬಂದು ಸತ್ತಳು. ಗಿರಣಿಯವನು ಗಾಡಿಯನ್ನು ಗಿರಣಿಯ ಹಿಂದಿನ ತಗಡಿನ ಚಪ್ಪರಕ್ಕೆ ತಳ್ಳಿ, ಮೇಲೆ ಖಾಲಿ ಚೀಲ ಹೊದಿಸಿದ. ಹನ್ನೊಂದು ವರ್ಷ ಆ ಚೀಲ ಸರಿಸಲಿಲ್ಲ.

ಹನ್ನೆರಡನೆಯ ವರ್ಷ ಒಂದು ಬೆಳಿಗ್ಗೆ ರೊಟ್ಟಿ ಮುರಿಯುತ್ತ ಕೂತಿದ್ದಾಗ, ಹೆಂಡತಿಯ ದನಿ ಮರೆತುಹೋಗಿದೆ ಎಂದು ಅವನಿಗೆ ತಿಳಿಯಿತು. ಮುಖ ನೆನಪಿತ್ತು. ಅವಳು ಆಡುತ್ತಿದ್ದ ಮಾತುಗಳೂ ನೆನಪಿದ್ದವು. ಆದರೆ ಅವನ್ನು ಮನಸ್ಸಿನಲ್ಲಿ ಹೇಳಿಕೊಂಡರೆ ಅವನದೇ ದನಿ ಕೇಳುತ್ತಿತ್ತು. ಅವಳು ಸತ್ತ ದಿನ ಆಗದಿದ್ದ ಭಯ ಅವನಿಗೆ ಆ ಬೆಳಿಗ್ಗೆ ಆಯಿತು. ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಎದ್ದ.

ಮೂವತ್ತು ವರ್ಷ ಅವಳ ದನಿ ಕೇಳಿದ್ದು ಆ ಇಂಜಿನ್ನಿನ ಸದ್ದಿನ ಜೊತೆಯಲ್ಲಿ. ಸದ್ದು ಬಂದರೆ ಅದರ ಬೆನ್ನು ಹಿಡಿದು ದನಿಯೂ ಬಂದೀತು ಎಂದು ಅವನು ಎಣಿಸಿದ. ಚಪ್ಪರಕ್ಕೆ ಹೋಗಿ ಚೀಲ ಎಳೆದು ಹಾಕಿದ.

ಗಾಡಿ ನೋಡುವ ಹಾಗಿರಲಿಲ್ಲ. ಇಲಿಗಳು ವೈರು ತಿಂದಿದ್ದವು. ಸೈಲೆನ್ಸರಿನ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಟ್ಯಾಂಕಿನೊಳಗೆ ತುಕ್ಕು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಒಣಗಿ ಬೆಲ್ಲದ ಪಾಕದಂತೆ ಅಂಟಾಗಿತ್ತು. ಕಿಕ್ ಒದ್ದರೆ ಅಲುಗಲಿಲ್ಲ. ಪಿಸ್ಟನ್ನು ಸಿಲಿಂಡರನ್ನು ಕಚ್ಚಿಕೊಂಡು ಕೂತಿತ್ತು. ಪೇಟೆಯಿಂದ ಬಂದ ಮೆಕ್ಯಾನಿಕನೊಬ್ಬ ಸುತ್ತ ನೋಡಿ, “ಇದನ್ನ ತೂಕಕ್ಕ ಹಾಕಿಬಿಡ್ರಿ, ಮಾವ” ಎಂದ. ಗಿರಣಿಯವನು ಅವನಿಗೆ ಚಹಾ ಕುಡಿಸಿ ಕಳಿಸಿದ.

ಆಮೇಲೆ ತಾನೇ ಕೂತ. ಗಿರಣಿಯ ಇಂಜಿನ್ನನ್ನು ಎಷ್ಟೋ ಸಲ ಬಿಚ್ಚಿ ಜೋಡಿಸಿದ ಕೈ ಅದು. ಪ್ಲಗ್ಗಿನ ತೂತಿನಿಂದ ಸೀಮೆಎಣ್ಣೆ, ಔಡಲೆಣ್ಣೆ ಬೆರೆಸಿ ಹೊಯ್ದ. ದಿನಾ ಬೆಳಿಗ್ಗೆ ಒಮ್ಮೆ, ಒಮ್ಮೆ ಮಾತ್ರ, ಕಿಕ್ಕನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದ. ಅವಸರ ಮಾಡಿದರೆ ಒಳಗೆ ಪಿಸ್ಟನ್ನಿನ ಉಂಗುರ ಮುರಿಯುತ್ತದೆ. ಹದಿನೇಳನೆಯ ದಿನ ಪಿಸ್ಟನ್ನು ಕೂದಲೆಳೆಯಷ್ಟು ಜರುಗಿತು. ಅದನ್ನು ಯಾರಿಗಾದರೂ ಹೇಳಬೇಕೆನಿಸಿ ಬೀದಿಗೆ ಬಂದ. ಬೀದಿಯಲ್ಲಿ ಜನ ಇದ್ದರು, ಆದರೆ ಇಂಥದನ್ನು ಹೇಳಿಕೊಳ್ಳುವಂಥವರು ಯಾರೂ ಇರಲಿಲ್ಲ. ಒಳಗೆ ಬಂದು ಕೈ ತೊಳೆದುಕೊಂಡ.

ಟ್ಯಾಂಕಿಗೆ ಹುಣಸೆಹುಳಿ ನೀರು, ಒಂದು ಹಿಡಿ ಗರಸುಕಲ್ಲು ಹಾಕಿ ಕಲಕಿ ಕಲಕಿ ತುಕ್ಕು ತೆಗೆದ. ಗಿರಣಿಯ ಹಳೆಯ ಪಟ್ಟಿ ಕತ್ತರಿಸಿ ವಾಷರು ಮಾಡಿದ. ಜನ ಜೋಳ ಹೊತ್ತು ತಂದರೆ ಗಿರಣಿಯವನು ಗಾಡಿಯ ಕೆಳಗೆ ಮಲಗಿರುತ್ತಿದ್ದ. ಎದ್ದು ಬಂದು ಗಿರಣಿ ಹಾಕಿದರೂ ಕೈ ಇಲ್ಲಿ, ಗಮನ ಅಲ್ಲಿ. ಆ ಎರಡು ತಿಂಗಳು ಊರಿನ ರೊಟ್ಟಿಯೆಲ್ಲ ತರಿತರಿಯಾಗಿತ್ತು. ಹೆಂಗಸರು ಗೊಣಗಿದರು, ಅವನು ಕೇಳಿಸಿಕೊಳ್ಳಲಿಲ್ಲ.

ಮೂರನೆಯ ತಿಂಗಳು ಒಂದು ಮುಂಜಾನೆ ಕಿಕ್ ಒದ್ದಾಗ ಇಂಜಿನ್ನು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಅದೇ ಸದ್ದು. ಅವನು ಕಣ್ಣು ಮುಚ್ಚಿ, ತೊಟ್ಟಿಲಿನ ಕಡೆ ಕಿವಿ ಕೊಟ್ಟು ನಿಂತ. ಹಾಕಿದ್ದ ಪೆಟ್ರೋಲು ಮುಗಿದು ಇಂಜಿನ್ನು ತಾನಾಗಿ ನಿಲ್ಲುವವರೆಗೆ ನಿಂತೇ ಇದ್ದ. ದನಿ ಬರಲಿಲ್ಲ.

ನಿಂತ ಗಾಡಿಯಲ್ಲಿ ಅವಳು ಯಾವತ್ತು ಮಾತಾಡಿದ್ದಳು, ಓಡಿಸಿದರೆ ಬಂದೀತು ಎಂದುಕೊಂಡು ಮರುದಿನ ರಸ್ತೆಗೆ ಇಳಿದ. ನೇರ ದಾರಿಯಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಕೆರೆಯ ಹತ್ತಿರ ಎಡಕ್ಕೆ ಹೊರಳಿಸಿದ. ಖಾಲಿ ತೊಟ್ಟಿಲು ನೆಲ ಬಿಟ್ಟು ಮೇಲೆದ್ದಿತು. ಗಾಡಿ ಎಡಕ್ಕೆ ಹೊರಳದೆ ಬಲಬದಿಯ ತಗ್ಗಿಗೆ ಹೋಗಿ ಬಿದ್ದಿತು.

ಮೊಣಕಾಲು ತರಚಿತ್ತು. ತಗ್ಗಿನಲ್ಲಿ ಕೂತೇ ಯೋಚಿಸಿದ. ಎಡತಿರುವು ಬಂದಾಗಲೆಲ್ಲ ಹೆಂಡತಿ, “ಹೂಂ, ಹೊಳ್ಳಸ್ರಿ” ಎಂದು ಎಡಕ್ಕೆ ವಾಲಿ ಕೂರುತ್ತಿದ್ದಳು. ಅದು ಅವಳ ಚಾಳಿ ಎಂದು ಅವನು ತಿಳಿದಿದ್ದ. ತೊಟ್ಟಿಲನ್ನು ನೆಲಕ್ಕೆ ಹಿಡಿದಿದ್ದುದು ಅವಳ ಭಾರ. ತನ್ನಂಥ ಸವಾರ ಹನ್ನೆರಡು ಹಳ್ಳಿಯಲ್ಲಿ ಇಲ್ಲವೆಂದು ಮೀಸೆ ತಿರುವಿಕೊಂಡು ತಿರುಗಿದವನು, ಮೂವತ್ತು ವರ್ಷದಲ್ಲಿ ಒಂದು ಸಲವೂ ಒಬ್ಬನೇ ಎಡಕ್ಕೆ ಹೊರಳಿರಲಿಲ್ಲ. ಇದನ್ನು ಅವಳಿಗೆ ಹೇಳುವಂತಿಲ್ಲ ಎಂಬುದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದಿತು. ಅತ್ತ.

ತೊಟ್ಟಿಲಿಗೆ ಭಾರ ಬೇಕಿತ್ತು. ಒಂದು ಚೀಲ ಉಸುಕು ಹಾಕಿದರೆ ಸಾಕಿತ್ತು. ಅವಳು ಕೂತ ಜಾಗಕ್ಕೆ ಉಸುಕು ಸುರಿಯಲು ಅವನಿಗೆ ಮನಸ್ಸು ಬರಲಿಲ್ಲ. ಅಡಿಗೆಮನೆಯ ಒರಳಿನಲ್ಲಿ ಹನ್ನೊಂದು ವರ್ಷದಿಂದ ಸುಮ್ಮನೆ ನಿಂತಿದ್ದ ರುಬ್ಬುಗುಂಡನ್ನು ಎತ್ತಿದ. ಎರಡು ಕೊಡ ನೀರಿನಷ್ಟು ಭಾರ. ಅವಳ ಅಂಗೈ ಹಿಡಿದು ಸವೆಸಿದ ಕಡೆ ಕಲ್ಲು ನುಣುಪಾಗಿತ್ತು. ಅವಳ ಕೌದಿ ಹಾಸಿ ಕಲ್ಲನ್ನು ತೊಟ್ಟಿಲಲ್ಲಿ ಕೂರಿಸಿದ. ಕೆರೆಯ ತಿರುವಿನಲ್ಲಿ ಗಾಡಿ ಸರಾಗವಾಗಿ ಹೊರಳಿತು.

ಅವತ್ತಿನಿಂದ ದಿನಾ ಸಂಜೆ ಗಿರಣಿ ಮುಚ್ಚಿದ ಮೇಲೆ ಗಾಡಿ ಹೊರಡುತ್ತಿತ್ತು. ಅವನು ಕಲ್ಲಿನ ಜೊತೆ ಮಾತಾಡತೊಡಗಿದ. ಹೆಂಡತಿ ಬದುಕಿದ್ದಾಗ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ಆ ಕಾಲದ ಗಂಡಸರಿಗೆ ಹೆಂಡತಿಯ ಹೆಸರು ಬಾಯಿಗೆ ಬರುತ್ತಿರಲಿಲ್ಲ, “ಏ, ಕೇಳಿಲ್ಲೆ” ಎಂದರೆ ಮುಗಿಯಿತು. ಈಗ ಕಲ್ಲಿಗೆ ಅವಳ ಹೆಸರಿಟ್ಟ. ತಿರುವು ಬಂದಾಗ, “ಸಾವಂತ್ರೆವ್ವಾ, ಗಟ್ಟಿ ಕುಂದ್ರು” ಎಂದ. ಕಲ್ಲು ಗಟ್ಟಿಯಾಗಿಯೇ ಕೂತಿತ್ತು. ಉತ್ತರ ಕೊಡಲಿಲ್ಲ. ಅವಳ ದನಿಯೂ ಬರಲಿಲ್ಲ. ಆದರೂ ಅವನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಉಳಿದಿರುವ ಇಷ್ಟೂ ಹೋಗುತ್ತದೆಂಬ ಅಂಜಿಕೆ ಅವನಿಗೆ.

ದಾರಿಯಲ್ಲಿ ನಡೆದು ಹೋಗುವವರು ಕೈ ಮಾಡಿದರೆ, “ಜಾಗ ಇಲ್ರಿ, ಮಂದಿ ಅದಾರ” ಎಂದು ಮುಂದೆ ಹೋಗುತ್ತಿದ್ದ. ಮೊದಮೊದಲು ಜನ ನಕ್ಕರು. ಆಮೇಲೆ ಕೈ ಮಾಡುವುದನ್ನು ಬಿಟ್ಟರು. ಕೊನೆಗೆ ಗಾಡಿಯ ಸದ್ದು ಕೇಳಿದರೆ ಮುಖ ತಿರುಗಿಸಿ ಬದಿಗೆ ನಿಲ್ಲುತ್ತಿದ್ದರು. ಗಾಡಿ ಕೆಟ್ಟು ಬಿದ್ದಿದ್ದಾಗ ಬೀಸಲು ಬಂದವರಾದರೂ ಅವನ ಜೊತೆ ಎರಡು ಮಾತಾಡುತ್ತಿದ್ದರು. ಗಾಡಿ ಸರಿಹೋದ ಮೇಲೆ ಅದೂ ನಿಂತಿತು.

ಒಂದು ಸೋಮವಾರ, ಗಿರಣಿಗೆ ರಜೆ. ಮಧ್ಯಾಹ್ನವೇ ಹೊರಟಿದ್ದ. ದಾರಿಯ ಬದಿಯ ಜಾಲಿಮರದ ಕೆಳಗೆ ಒಬ್ಬ ಮುದುಕಿ, ಅವಳ ಮಗಳು, ಮಗಳ ಮಡಿಲಲ್ಲಿ ಹಸುಗೂಸು. ದವಾಖಾನೆಯಿಂದ ಊರಿಗೆ ಹೊರಟವರು. ಅವರು ಬಂದ ಟೆಂಪೊ ಅಷ್ಟು ದೂರದಲ್ಲಿ ಕೆಟ್ಟು ನಿಂತಿತ್ತು. ಊರು ಇನ್ನೂ ಒಂದು ಹರದಾರಿ. ನೆತ್ತಿ ಸುಡುವ ಬಿಸಿಲು. ಬಾಣಂತಿಗೆ ಎದ್ದು ನಿಲ್ಲುವ ತ್ರಾಣವೂ ಇರಲಿಲ್ಲ. ಮುದುಕಿ ಕೈ ಮಾಡಲಿಲ್ಲ, ದಾರಿಯ ನಡುವೆಯೇ ಬಂದು ನಿಂತಳು. ಗಿರಣಿಯವನು ಗಾಡಿ ನಿಲ್ಲಿಸಲೇಬೇಕಾಯಿತು.

“ಜಾಗ ಇಲ್ಲವ್ವಾ, ಮಂದಿ ಅದಾರ” ಎಂದ.

ಮುದುಕಿ ಬಗ್ಗಿ ತೊಟ್ಟಿಲೊಳಗೆ ನೋಡಿದಳು. ಕೌದಿ, ಕೌದಿಯ ಮೇಲೆ ರುಬ್ಬುಗುಂಡು. ಅವಳು ನಗಲಿಲ್ಲ, ಬಯ್ಯಲೂ ಇಲ್ಲ. ತೊಟ್ಟಿಲಲ್ಲಿ ಕಲ್ಲು ಮಲಗಿರುವುದನ್ನು ಅವಳು ತನ್ನ ಆಯುಷ್ಯದಲ್ಲಿ ಬೇಕಾದಷ್ಟು ಸಲ ನೋಡಿದ್ದಳು.

“ಗುಂಡಪ್ಪನ್ನ ಎತ್ತಪಾ, ಕೂಸು ಬಂದೈತಿ” ಎಂದಳು.

ಗಿರಣಿಯವನು ಇಂಜಿನ್ನು ಬಂದ್ ಮಾಡಿದ. ಮುದುಕಿಯ ದನಿ ಒರಟು. ಹೆಂಡತಿಯದು ಹಾಗಿರಲಿಲ್ಲ. ಹಾಗಿರಲಿಲ್ಲ ಎಂಬುದು ತನಗೆ ಹೇಗೆ ಗೊತ್ತು ಎಂದು ಅವನು ಬೆರಗಾಗಿ ನಿಂತ. ಆಗ ಕೇಳಿಸಿತು. ತೆಳ್ಳಗಿನ ದನಿ, ಕೊನೆಯಲ್ಲಿ ತುಸು ಮೇಲೇರುವ ದನಿ, ಹೆಂಗಸರ ನಗುವಿನ ನಡುವಿನಿಂದ ಕಿಟಕಿ ದಾಟಿ ಹೊರಗೆ ಬರುವ ದನಿ. ಗುಂಡಪ್ಪನ್ನ ಎತ್ರೆವಾ, ಕೂಸು ಬಂದೈತಿ.

ಅವನು ಕಲ್ಲನ್ನು ಎದೆಗೆ ಅವಚಿ ಎತ್ತಿ ಜಾಲಿಮರದ ಬುಡದಲ್ಲಿ ಇಳಿಸಿದ. ತುಸು ಹೊತ್ತು ಅದರ ಮೇಲೆ ಕೈ ಇಟ್ಟುಕೊಂಡಿದ್ದ. ಬಾಣಂತಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೌದಿಯ ಮೇಲೆ ಕೂತಳು. ಮುದುಕಿ ಅವನ ಹಿಂದೆ ಹತ್ತಿ ಅವನ ಅಂಗಿ ಹಿಡಿದಳು. ಅವರ ಊರಿನ ದಾರಿ ಎಡಕ್ಕೆ ಹೊರಳುತ್ತಿತ್ತು. ಗಾಡಿ ಹೊರಳಿತು, ತೊಟ್ಟಿಲು ಮೇಲೇಳಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

“ಕಲ್ಲು ಏನಾತ್ರಿ, ಅಜ್ಜಾರ?” ಎಂದು ಅಡಿವೆಯ್ಯ ಕೇಳಿದ. ಅವನ ಕೈ ಉಡಿದಾರದ ಮೇಲಿತ್ತು. “ಹೇಣ್ತಿ ಕಲ್ಲನ್ನ ದಾರ್‍ಯಾಗ ಬಿಟ್ಟು ಹೋದನೇನ್ರಿ?”

“ಬಿಡಲಿಲ್ಲ. ಬರುವಾಗ ತಂದು ಒರಳಿನಲ್ಲಿ ಇಟ್ಟ. ಮರುದಿನ ಅದರಲ್ಲಿ ಚಟ್ನಿ ರುಬ್ಬಿದ. ಖಾರ ಹೆಚ್ಚಾಗಿತ್ತಂತೆ.”

ಹೊರಗೆ ಕುಂಬಾರ ಚಾಪೆ ಕೊಡವಿ ಹಾಸಿಕೊಳ್ಳುವ ಸದ್ದು ಕೇಳಿಸಿತು.

ಗುರುಗಳು ಎದ್ದು ನಿಂತರು. “ಗುಂಡಪ್ಪನನ್ನು ಎತ್ತು, ಅಡಿವೆಯ್ಯ, ಕೂಸು ಕಟ್ಟೆಯ ಮೇಲೆ ಮಲಗಿದೆ.”