ಮೊದಲ ಮುದ್ದೆ ಯಾರ ಹೊಟ್ಟೆಗೆ

ಇಬ್ಬರು ಪಾಳೇಗಾರರು ಹೊಡೆದಾಡಿದರು, ಸುಸ್ತಾದರು, ಮನೆಗೆ ಹೋದರು. ಹಸಿವು ಮಾತ್ರ ಹೋಗಲಿಲ್ಲ. ಗೆದ್ದ ಸಿಪಾಯಿ, ಸೋತ ಸಿಪಾಯಿ, ಊರು ಸುಟ್ಟುಹೋಗಿ ಓಡಿಬಂದವರು, ಎಲ್ಲರೂ ಕೆರೆ ಏರಿಯ ಆಚೆ ಛತ್ರದಲ್ಲಿ ಬಿದ್ದುಕೊಂಡಿದ್ದರು. ಅವರಿಗೆ ಮುದ್ದೆ ತಿರುವಿ ಕಳಿಸುವವಳು ಲಕ್ಕವ್ವ. ಹೊತ್ತೊಯ್ದು ಇಕ್ಕುವವನು ಅವಳ ಮಗ ದೊಡ್ಡೀರ. ಆಳು ದೊಡ್ಡದು, ಬುದ್ಧಿ ಸಣ್ಣದು. ಬಡಿಸಿದವರು ಕೊನೆಗೆ ಉಣ್ಣಬೇಕು ಅನ್ನೋದು ಅವರ ಮನೆ ಪದ್ಧತಿ. ಕೊನೆಗೆ ಲಕ್ಕವ್ವನಿಗೆ ಉಳಿಯುತ್ತಿದ್ದದ್ದು ಮಡಕೆ ತೊಳೆದ ನೀರು.

“ಕೇಳಿದೋರಿಗೆ ಕೊಡಪ್ಪ,” ಅಂದಳು.

“ಆಯ್ತವ್ವ!” ಅಂದ. ಹೋದ. ಸಿಪಾಯಿಗಳು ದಣಿದು ಮಲಗಿದ್ದರು. ಊರು ಬಿಟ್ಟು ಬಂದವರು ಒಂದು ಕಾಲಕ್ಕೆ ಹತ್ತು ಜನಕ್ಕೆ ಇಕ್ಕಿದ ಮನೆಯವರು, ಕೈಯೊಡ್ಡೋಕೆ ನಾಚಿ ತಲೆ ತಗ್ಗಿಸಿದರು. ಕೇಳಿದ್ದು ಕಾಗೆ. ಬುಟ್ಟಿ ಪೂರಾ ಕಾಗೆಗೆ!

“ಅಯ್ಯೋ ಪೆದ್ದಮುಂಡೇದೆ! ಬಾಯಿಬಿಟ್ಟು ಕೇಳದೆ ಸುಮ್ನಿರ್ತಾರಲ್ಲ, ಅವರಿಗೆ ಕೊಡೋ!”

“ಆಯ್ತವ್ವ!” ಅಂದ. ಮರುದಿನ ಹೋದ. ಮಕ್ಕಳು “ಅಣ್ಣಾ, ಮುದ್ದೆ!” ಅಂತ ಮುತ್ತಿಕೊಂಡವು. “ನೀವು ಕೇಳ್ತಿದ್ದೀರ. ನಿಮಗಿಲ್ಲ!” ಏರಿ ಮೇಲೆ ವೀರಗಲ್ಲುಗಳು ಸಾಲಾಗಿ ನಿಂತಿದ್ದವು. ಕೈಲಿ ಕತ್ತಿ, ತುಟಿ ಪಿಟಕ್ಕನ್ನಲ್ಲ. ಸಿಪಾಯಿ ಅಂದರೆ ಹೀಗಿರಬೇಕು! ಒಂದೊಂದರ ಮುಂದೆ ಒಂದೊಂದು ಮುದ್ದೆ ಇಟ್ಟ, ಸಾರು ಹುಯ್ದ. ನಾಯಿಗಳು ಬಂದು ಉಂಡುಹೋದವು.

ಲಕ್ಕವ್ವನಿಗೆ ಬೈಯೋಕೂ ತ್ರಾಣ ಇಲ್ಲ. ಜಗಲಿ ಮೇಲೆ ಕುಸಿದಳು. “ಕಲ್ಲಿಗೆ ಹಸಿವುಂಟೇನೋ? ರಾಗಿ ಗುಡಾಣ ಬರಿದಾಯ್ತು, ನಾಳೆಯದೇ ಕೊನೇ ಬುಟ್ಟಿ. ಮಕ್ಕಳು ಸತ್ತೋಗ್ತವೆ ಕಣೋ! ಬಾಯಿ ನೋಡಬೇಡ, ಹೊಟ್ಟೆ ನೋಡು. ಯಾರ ಹೊಟ್ಟೆ ಎಲ್ಲರಿಗಿಂತ ಬೆನ್ನಿಗೆ ಹತ್ತೈತೋ ಅವರಿಗೆ ಮೊದಲು ಇಕ್ಕು. ಅವರು ಉಣ್ಣೋವರ್ಗೂ ಯಾರಿಗೂ ಇಕ್ಕಬೇಡ.”

“ಆಯ್ತವ್ವ!” ಅಂದ. ಹೋದ. ಗೆದ್ದ ಸಿಪಾಯಿಯ ಅಂಗಿ ಎತ್ತಿ ನೋಡಿದ. ಸೋತವನದ್ದೂ ಎತ್ತಿ ನೋಡಿದ. ಎರಡೂ ಒಂದೇ ಥರ. ಮುದುಕರನ್ನು ನೋಡಿದ, ಮಕ್ಕಳನ್ನು ನೋಡಿದ. “ಊಹೂಂ, ಇದಕ್ಕಿಂತ ಬೆನ್ನಿಗೆ ಹತ್ತಿರೋ ಹೊಟ್ಟೆ ಕಂಡಿದ್ದೀನಿ,” ಅಂತ ಬುಟ್ಟಿ ಹೊತ್ತು ಹೊರಟ. ಬುಟ್ಟಿಯ ಹಿಂದೆ ಛತ್ರವೇ ಹೊರಟಿತು.

ಲಕ್ಕವ್ವ ಬಾಗಿಲು ತೆಗೆದರೆ ಅಂಗಳದ ತುಂಬ ಜನ!

“ಅವ್ವಾ, ಎಲ್ಲರದ್ದೂ ನೋಡಿದೆ. ನಿಂದೇ! ಉಣ್ಣು!”

“ಬಂದೋರಿಗಿಂತ ಮುಂಚೆ ನಾನು ಉಣ್ಣೋದೇನೋ? ಮಾನ ಕಳೆದ್ಯಲ್ಲೋ!”

“ನೀನು ಉಣ್ಣೋವರ್ಗೂ ಯಾರಿಗೂ ಇಕ್ಕಲ್ಲ.” ಬುಟ್ಟಿಯನ್ನು ತಬ್ಬಿ ಕೂತುಬಿಟ್ಟ.

“ಬೇಗ ಉಣ್ಣಜ್ಜಿ,” ಅಂತು ಒಂದು ಕೂಸು.

ಇನ್ನೇನು ಮಾಡ್ತಾಳೆ ಪಾಪ? ತುತ್ತು ಮುರಿದಳು, ಅಳುತ್ತಲೇ ನುಂಗಿದಳು. ಎಷ್ಟು ದಿನದ ಮೇಲೆ ಕಂಡ ಮುದ್ದೆಯೋ! ಕಣ್ಣೊರೆಸಿಕೊಂಡು ಅಂದಳು, “ಉಂಡೆ ಕಣಪ್ಪ. ಇನ್ನು ಎಲ್ಲರಿಗೂ ಇಕ್ಕು.”

ದೊಡ್ಡೀರ ಬಗ್ಗಿ ಅವಳ ಹೊಟ್ಟೆ ನೋಡಿದ.

“ತಡಿಯವ್ವ, ಇನ್ನೂ ಬೆನ್ನಿಗೇ ಹತ್ತೈತೆ. ಇನ್ನೊಂದು ಉಣ್ಣು!”