ಏಡಿಕುರ್ವೆಯ ಕಡಲ್ಗಳ್ಳರು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಇಲ್ಲದ ನೆಲವನ್ನು ಇದೆ ಎಂದು ಹೇಳಿ ಮಕ್ಕಳಿಗೆ ಪಾಠ ಮಾಡುವುದು ಸರಿಯೇ?"

ಮಠದ ಶಾಲೆಯ ಚಿಕ್ಕ ಮಕ್ಕಳನ್ನು ಅವನಿಗೆ ಒಪ್ಪಿಸಿ ಒಂದು ತಿಂಗಳಾಗಿತ್ತು. ಪಕ್ಕದ ಊರಿನ ಶಾಲೆಯಲ್ಲಿ ಮಕ್ಕಳು ಬೆಂಚುಗಳನ್ನೇ ಹಡಗು ಮಾಡಿಕೊಂಡು, ತಲೆಗೆ ಬಟ್ಟೆ ಬಿಗಿದು, ದ್ವೀಪ ಹುಡುಕುತ್ತ ಮಗ್ಗಿ ಹೇಳುವುದನ್ನು ಅವನು ನೋಡಿ ಬಂದಿದ್ದ. ಆ ಮಕ್ಕಳು ಚೆನ್ನಾಗಿ ಕಲಿತಿದ್ದರು. ಅದೇ ಅವನನ್ನು ಕಾಡುತ್ತಿತ್ತು.

"ದ್ವೀಪವೂ ಸುಳ್ಳು, ಅದರ ಮೇಲೆ ಆಡುವುದು ಕಳ್ಳರ ಆಟ. ಕಲಿತದ್ದು ನಿಜವೇ ಇರಬಹುದು. ಕಲಿಸಿದ ದಾರಿ?" ಎಂದ.

ಗುರುಗಳು ಹೇಳತೊಡಗಿದರು.

ನದಿ ಕಡಲನ್ನು ಸೇರುವ ಕಡೆ ಒಂದು ಊರಿತ್ತು. ಅಲ್ಲಿ ಮೀನು ಹಿಡಿಯುವವರೂ ಹಾಯಿಹಡಗುಗಳಲ್ಲಿ ದುಡಿಯುವವರೂ ಇದ್ದರು. ಆ ಊರಿನ ಶಾಲೆಗೆ ಘಟ್ಟದ ಮೇಲಿನಿಂದ ಭಾಗೀರಥಿ ಎಂಬ ಉಪಾಧ್ಯಾಯಿನಿ ಬಂದಳು. ಐದಾರು ವರ್ಷದ ಇಪ್ಪತ್ತು ಮಕ್ಕಳು ಆಕೆಯ ಪಾಲಿಗೆ ಬಂದರು. ಅವರು ಆಕೆಯನ್ನು ಅಕ್ಕೋರೇ ಎಂದು ಪ್ರೀತಿಯಿಂದಲೇ ಕರೆದರು. ಆದರೆ ಆಕೆ ಹೇಳಿದ್ದು ಯಾರ ತಲೆಯಲ್ಲೂ ನಿಲ್ಲಲಿಲ್ಲ. ಬೆಳಗ್ಗೆ ಹಲಗೆಯ ಮೇಲೆ ಬರೆದ ಅಂಕಿಯನ್ನು ಸಂಜೆಗೆ ಮರೆಯುತ್ತಿದ್ದರು. ಕಿಟಕಿಯಾಚೆ ಒಂದು ಹಾಯಿ ಕಂಡರೆ ಸಾಕು, ಎಲ್ಲರೂ ಎದ್ದು ನಿಲ್ಲುತ್ತಿದ್ದರು.

ಎರಡು ತಿಂಗಳು ಆಕೆ ಅವರನ್ನು ಕೂರಿಸಲು ನೋಡಿದಳು. ಆಮೇಲೆ ಒಂದು ದಿನ ತಾನೂ ಎದ್ದು ಅವರ ಜೊತೆ ನಿಂತು ಆ ಹಾಯಿಯನ್ನು ನೋಡಿದಳು. ಅದು ಮರೆಯಾದ ಮೇಲೆ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಮರಳಿನ ಒಂದು ದಿಬ್ಬ ಮಾಡಿದಳು.

"ಇದು ಕಡಲಿನ ನಡುವೆ ಇದೆ. ಇದಕ್ಕೆ ಇನ್ನೂ ಹೆಸರಿಲ್ಲ" ಎಂದಳು.

ಆ ಸೀಮೆಯವರು ದ್ವೀಪಕ್ಕೆ ಕುರ್ವೆ ಎನ್ನುತ್ತಾರೆ. ಮಕ್ಕಳು ಬಹಳ ಹೊತ್ತು ಜಗಳವಾಡಿ ಅದನ್ನು ಏಡಿಕುರ್ವೆ ಎಂದು ಕರೆದರು.

ಅಂದಿನಿಂದ ಪಾಠವೆಲ್ಲ ಅಲ್ಲಿ ನಡೆಯಿತು. ಬಾವಿಯಿಂದ ಏಡಿಕುರ್ವೆಗೆ ಎಷ್ಟು ಹೆಜ್ಜೆ ಎಂದು ಮಕ್ಕಳು ಅಳೆದರು. ಸುರಹೊನ್ನೆಯ ದಪ್ಪ ಎಲೆಗಳ ಮೇಲೆ ಆಕೆ ಮುಳ್ಳಿನಿಂದ ಒಂದೊಂದು ಪದ ಗೀಚಿ ಅಲ್ಲಲ್ಲಿ ಬಚ್ಚಿಟ್ಟಳು. ಓದಲು ಬಂದವನಿಗೆ ಮುಂದಿನ ಎಲೆ ಸಿಗುತ್ತಿತ್ತು, ಬಾರದವನು ಬಂದವನ ಹತ್ತಿರ ಓಡುತ್ತಿದ್ದ. ಚಿಪ್ಪುಗಳು ಅಲ್ಲಿಯ ನಿಧಿಯಾದವು. ದಿನವೂ ಒಂದಿಷ್ಟು ಚಿಪ್ಪು ತಂದು ಸೇರಿಸಿ ಮಕ್ಕಳು ಕೂಡುವುದನ್ನು ಕಲಿತರು.

ಕಳೆಯುವುದನ್ನು ಕಲಿಸುವ ಹೊತ್ತು ಬಂದಾಗ ಆಕೆ ಕಡಲ್ಗಳ್ಳರನ್ನು ತಂದಳು. ಸರದಿಯ ಮೇಲೆ ಇಬ್ಬರು ಮಕ್ಕಳು ತಲೆಗೆ ಬಟ್ಟೆ ಕಟ್ಟಿ, ಬಾವಿಯನ್ನು ಸುತ್ತಿ ಬಂದು, ಕೈಗೆ ಸಿಕ್ಕಷ್ಟು ಚಿಪ್ಪು ಬಾಚಿಕೊಂಡು ಓಡಬೇಕು. ಉಳಿದ ಚಿಪ್ಪುಗಳನ್ನು ನೋಡಿ, ಹೋದದ್ದು ಎಷ್ಟು ಎಂದು ಕುರ್ವೆಯವರು ಹೇಳಬೇಕು. ಸರಿಯಾಗಿ ಹೇಳಿದರೆ ಕಳ್ಳರು ಸೋತರು. ಮಕ್ಕಳಿಗೆ ಇದು ಎಷ್ಟು ಹಿಡಿಸಿತೆಂದರೆ ತಾವಾಗಿಯೇ ಕುರ್ವೆಗೆ ಒಂದು ಕಾವಲನ್ನೂ ಇಟ್ಟುಕೊಂಡರು. ತುಳಸಿ ಎಂಬ ಹುಡುಗಿ ತಾನೇ ಕಾಯುತ್ತೇನೆ ಎಂದಳು. ಆ ಜಾಗವನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ.

ಒಂದು ದಿನ ಹೊನ್ನಿಯ ಸರದಿ ಬಂತು. ಅವಳು ಆರು ವರ್ಷದ ಸಣ್ಣ ಹುಡುಗಿ, ಮಾತು ಕಡಿಮೆ. ತಲೆಗೆ ಬಟ್ಟೆ ಕಟ್ಟಲು ಹೋದರೆ ಹಿಂದೆ ಹಿಂದೆ ಸರಿದಳು.

"ಹೆದರಬೇಡ, ಹೇಗೆ ಎಂದು ತೋರಿಸುತ್ತೇನೆ" ಎಂದು ಭಾಗೀರಥಿ ಅವಳ ತಲೆಗೆ ಬಟ್ಟೆ ಕಟ್ಟಿದಳು.

"ಅವಳಿಗೆ ಯಾಕೆ ತೋರಿಸಬೇಕು ಅಕ್ಕೋರೇ? ಅವಳ ಅಪ್ಪ ನಿಜವಾದ ಕಡಲ್ಗಳ್ಳ. ನನ್ನ ಅಪ್ಪನ ಕಾಲು ಮುರಿದವನು ಅವನೇ" ಎಂದಳು ತುಳಸಿ.

ಕೆಲವು ಮಕ್ಕಳು ನಕ್ಕರು. ಹೊನ್ನಿ ತಲೆಯ ಬಟ್ಟೆಯನ್ನು ಬಿಚ್ಚಿ, ಮಡಚಿ, ಜಗಲಿಯ ಮೇಲಿಟ್ಟು ಮನೆಗೆ ಹೋದಳು.

ಭಾಗೀರಥಿ ಊರಿಗೆ ಹೊಸಬಳು. ಏನು ನಡೆದಿತ್ತೆಂದು ಆ ಸಂಜೆ ನೆರೆಮನೆಯವರನ್ನು ಕೇಳಿ ತಿಳಿದಳು. ಎರಡು ವರ್ಷದ ಹಿಂದೆ ಅಕ್ಕಿ ತುಂಬಿದ ಹಡಗೊಂದು ಕಡಲಿನ ಭರತಕ್ಕೆ, ನೀರು ಏರುವ ಹೊತ್ತಿಗೆ, ಕಾದು ನದಿಯ ಬಾಯಲ್ಲಿ ಲಂಗರು ಹಾಕಿತ್ತು. ಒಂದು ಮಂಜಿನ ಬೆಳಗ್ಗೆ ಹೊನ್ನಿಯ ತಂದೆ ಗೋಯ್ದ ಇನ್ನಿಬ್ಬರ ಜೊತೆ ಸೇರಿ ಅಕ್ಕಿ ಕದಿಯಲು ಆ ಹಡಗನ್ನು ಹತ್ತಿದ. ಕಾವಲಿದ್ದವನು ತುಳಸಿಯ ತಂದೆ ಜಟ್ಟಪ್ಪ. ಅವನು ಅಡ್ಡ ಬಂದ. ತಳ್ಳಾಟದಲ್ಲಿ ಮೇಲಿನಿಂದ ಹಡಗಿನ ತಳಕ್ಕೆ ಬಿದ್ದ. ಕಾಲು ಮತ್ತೆ ಸರಿಹೋಗಲಿಲ್ಲ. ಗೋಯ್ದ ಜೈಲಿಗೆ ಹೋದ. ಅವನು ಬಿಡುಗಡೆಯಾದ ಮೇಲೂ ಈ ಊರಿಗೆ ಬರಕೂಡದು ಎಂದು ಹಿರಿಯರೆಲ್ಲ ಕೂತು ತೀರ್ಮಾನ ಮಾಡಿದ್ದರು.

ಮರುದಿನ ಜಟ್ಟಪ್ಪ ಕೋಲೂರಿಕೊಂಡು ಶಾಲೆಗೆ ಬಂದ. ಒಳಗೆ ಬರಲಿಲ್ಲ.

"ಅಕ್ಕೋರೇ, ನೀವು ಒಳ್ಳೆಯದಕ್ಕೇ ಮಾಡಿದ್ದೀರಿ. ಆದರೆ ನನಗೆ ಅದು ಆಟವಲ್ಲ. ನಿಲ್ಲಿಸಿಬಿಡಿ" ಎಂದ.

ಭಾಗೀರಥಿ ತಾನೇ ಸಲಿಕೆ ತೆಗೆದುಕೊಂಡು ಏಡಿಕುರ್ವೆಯನ್ನು ಸಮ ಮಾಡಿದಳು. ಮಕ್ಕಳು ನೋಡುತ್ತ ನಿಂತರು. ಅಂದು ಅವರು ಸ್ಲೇಟು ಹಿಡಿದು ತೆಪ್ಪಗೆ ಕೂತರು. ಎರಡು ತಿಂಗಳು ಆಕೆ ಬಯಸಿದ್ದು ಅದನ್ನೇ. ಈಗ ಅದನ್ನು ನೋಡಲು ಆಕೆಗೆ ಕಷ್ಟವಾಯಿತು.

ಹೊನ್ನಿ ಮೂರು ದಿನ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಭಾಗೀರಥಿ ಅವಳ ಮನೆಗೆ ಹೋದಳು. ತಾಯಿ ಮೀನು ಒಣಗಿಸಲು ಹೋಗಿದ್ದಳು. ಮನೆಯ ಹಿಂದೆ ಹುಡುಗಿ ಒಬ್ಬಳೇ ಕೂತಿದ್ದಳು. ಎದುರಿಗೆ ಮರಳಿನ ಒಂದು ಸಣ್ಣ ದಿಬ್ಬ. ಅದರ ಮೇಲೆ ಚಿಪ್ಪುಗಳು. ಒಂದು ತೆಂಗಿನ ಕರಟವನ್ನು ದೋಣಿ ಮಾಡಿ ದಿಬ್ಬದ ಹತ್ತಿರ ತಂದಳು. ಚಿಪ್ಪುಗಳನ್ನು ಅದಕ್ಕೆ ತುಂಬಿ ದೂರ ಒಯ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕರಟವನ್ನು ಮತ್ತೆ ದಿಬ್ಬಕ್ಕೆ ತಂದು ಚಿಪ್ಪುಗಳನ್ನು ಇದ್ದಲ್ಲೇ ಇಟ್ಟಳು. ಹೀಗೆ ಮೂರು ಸಲ ಮಾಡಿದಳು.

"ಕಳ್ಳ ವಾಪಸು ಯಾಕೆ ಬಂದ?" ಎಂದು ಭಾಗೀರಥಿ ಕೇಳಿದಳು.

ಹುಡುಗಿ ತಿರುಗಿ ನೋಡಿದಳು. "ಅವನ ಮನೆ ಇಲ್ಲೇ ಇದೆಯಲ್ಲ" ಎಂದಳು.

ಭಾಗೀರಥಿ ಅಲ್ಲಿಂದ ನೇರ ಜಟ್ಟಪ್ಪನ ಮನೆಗೆ ಹೋದಳು. ಅವನು ಬಾಗಿಲಲ್ಲಿ ಕೂತು ಯಾರದೋ ಬಲೆ ಸರಿಮಾಡುತ್ತಿದ್ದ. ಈಗ ಅವನಿಂದ ಆಗುತ್ತಿದ್ದ ಕೆಲಸ ಅದೊಂದೇ. ಆಕೆ ತಾನು ಕಂಡದ್ದನ್ನು ಕಂಡ ಹಾಗೆ ಹೇಳಿದಳು.

"ನಿಮ್ಮ ಮಾತಿನಂತೆ ಆಟ ನಿಲ್ಲಿಸಿದ್ದೇನೆ. ಒಂದು ಸಲ ಬಂದು ನೋಡಿ. ಆಮೇಲೂ ಬೇಡ ಎಂದರೆ ಮತ್ತೆ ಆಡಿಸುವುದಿಲ್ಲ" ಎಂದಳು.

"ನೋಡಿದರೆ ನನ್ನ ಕಾಲು ನೆಟ್ಟಗಾಗುತ್ತದೆಯೇ?"

"ಇಲ್ಲ" ಎಂದಳು ಆಕೆ.

ಏನಾದರೂ ಸಮಾಧಾನದ ಮಾತು ಬರುತ್ತದೆಂದು ಅವನು ಕಾದಿದ್ದ. ಅದು ಬರಲಿಲ್ಲ. ಅವನು ಬಲೆಯ ಕಡೆ ತಿರುಗಿದ.

ಆದರೂ ಎರಡು ದಿನ ಬಿಟ್ಟು ಬಂದ. ಶಾಲೆಯ ಜಗಲಿಯ ಅಂಚಿನಲ್ಲಿ ಕಾಲು ಚಾಚಿ ಕೂತ. ಭಾಗೀರಥಿ ಮತ್ತೆ ದಿಬ್ಬ ಮಾಡಿದಳು. ಹೊನ್ನಿಯನ್ನು ಆಕೆಯೇ ಕೈಹಿಡಿದು ಕರೆತಂದಿದ್ದಳು. ತುಳಸಿ ಎಂದಿನಂತೆ ಕಾವಲಿಗೆ ಕೂತಳು.

ಈ ಸಲ ಹೊನ್ನಿ ಒಬ್ಬಳೇ ತಲೆಗೆ ಬಟ್ಟೆ ಕಟ್ಟಿಕೊಂಡಳು. ಬಾವಿ ಸುತ್ತಿ ಬಂದು ಐದು ಚಿಪ್ಪು ತೆಗೆದುಕೊಂಡು ಓಡಿದಳು. ಐದು ಹೋಯಿತು, ಹದಿಮೂರು ಉಳಿಯಿತು ಎಂದು ಮಕ್ಕಳು ಕೂಗಿದರು. ಆಟ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊನ್ನಿ ಇನ್ನೊಂದು ಸಲ ಬಾವಿಯನ್ನು ಸುತ್ತಿ ಬಂದು ಐದೂ ಚಿಪ್ಪುಗಳನ್ನು ದಿಬ್ಬದ ಮೇಲಿಟ್ಟಳು.

"ಹಾಗೆ ಬರಬಾರದು" ಎಂದು ಮಕ್ಕಳು ಗಲಾಟೆ ಮಾಡಿದರು.

"ಬರಬಾರದು ಎಂದು ಯಾರು ಹೇಳಿದ್ದು?" ಎಂದು ಭಾಗೀರಥಿ ಕೇಳಿದಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಏಡಿಕುರ್ವೆಯಲ್ಲಿ ಹಾಗೆಂದು ಯಾರೂ ಹೇಳಿರಲಿಲ್ಲ.

ಆಗ ತುಳಸಿ ಕೇಳಿದಳು: "ಚಿಪ್ಪು ಕೊಟ್ಟೆ. ಕಾಲು?"

ಜಟ್ಟಪ್ಪ ನೆಲ ನೋಡುತ್ತಿದ್ದ. ಹೊನ್ನಿ ದಿಬ್ಬವನ್ನು ಬಳಸಿಕೊಂಡು ಹೋಗಿ ತುಳಸಿಯ ಪಕ್ಕದಲ್ಲಿ ನಿಂತಳು.

"ನೀನು ಹೋಗಿ ಆಡು. ನಾನು ಕಾಯುತ್ತೇನೆ" ಎಂದಳು.

ತುಳಸಿ ಆಡಲು ಹೋಗಲಿಲ್ಲ. ಸ್ವಲ್ಪ ಸರಿದು ಕೂರಲು ಜಾಗ ಕೊಟ್ಟಳು.

ಜಟ್ಟಪ್ಪ ಎದ್ದು ಕೋಲು ತೆಗೆದುಕೊಂಡು ಹೋದ. ಬೇಕು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಭಾಗೀರಥಿ ಮರುದಿನವಿಡೀ ಕಾದಳು. ಅವನು ಬರಲಿಲ್ಲ. ಆಟ ಮುಂದುವರಿಯಿತು. ಮಳೆಗಾಲದ ಹೊತ್ತಿಗೆ ಮಕ್ಕಳು ಎರಡಂಕಿಯ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು. ಮಳೆ ದಿಬ್ಬವನ್ನು ಕೊಚ್ಚಿಕೊಂಡು ಹೋಯಿತು. ಮಕ್ಕಳು ಅದಕ್ಕಾಗಿ ಅಳಲಿಲ್ಲ, ಅಷ್ಟು ಹೊತ್ತಿಗೆ ಅವರು ಪುಸ್ತಕ ಓದಲು ಕಲಿತಿದ್ದರು.

ಮಳೆ ನಿಂತ ಮೇಲೆ ಗೋಯ್ದನ ಸಜೆ ಮುಗಿಯಿತು. ಹೊನ್ನಿಯ ತಾಯಿ ಹಿರಿಯರ ಮುಂದೆ ಬಂದು ನಿಂತಳು. ಏನು ಕೇಳಬೇಕೆಂದು ಅವಳಿಗೆ ತಿಳಿಯಲಿಲ್ಲ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತೇ ಇದ್ದಳು. ತೀರ್ಮಾನ ಆಗಿಹೋಗಿದೆ ಎಂದು ಹಿರಿಯರು ಹೇಳಿದರು. ಅವರಲ್ಲೊಬ್ಬ, ಜಟ್ಟಪ್ಪನನ್ನು ಒಂದು ಮಾತು ಕೇಳಿಬಿಡೋಣ ಎಂದ. ಜಟ್ಟಪ್ಪನನ್ನು ಕರೆಸಿದರು.

ಅವನು ಬಂದು ಕೋಲಿನ ಮೇಲೆ ಗಲ್ಲ ಊರಿಕೊಂಡು ಕೂತ. ಆಮೇಲೆ ಹೇಳಿದ: "ಬರಲಿ. ನಾನು ಅವನ ಜೊತೆ ಮಾತಾಡುವುದಿಲ್ಲ. ಅವನ ಮನೆ ಮೆಟ್ಟಿಲು ತುಳಿಯುವುದಿಲ್ಲ. ಆದರೆ ಬರಲಿ."

ಪೆಟ್ಟು ತಿಂದವನೇ ಹಾಗೆ ಹೇಳಿದ ಮೇಲೆ ಉಳಿದವರಿಗೆ ಹೇಳಲು ಏನೂ ಇರಲಿಲ್ಲ. ಗೋಯ್ದ ಒಂದು ಬಟ್ಟೆಗಂಟು ಹಿಡಿದು, ನದಿ ದಾಟಿಸುವ ತಾರಿದೋಣಿಯಲ್ಲಿ ಬಂದ. ದಡದಲ್ಲಿ ಹೆಂಡತಿ, ಮಗಳು ಇಬ್ಬರೇ ನಿಂತಿದ್ದರು. ಅವನೂ ಜಟ್ಟಪ್ಪನೂ ಕೊನೆಯವರೆಗೆ ಮಾತಾಡಲಿಲ್ಲ ಎನ್ನುತ್ತಾರೆ. ಅವರ ಹೆಣ್ಣುಮಕ್ಕಳು ಏಳನೆಯ ಇಯತ್ತೆಯವರೆಗೆ ಒಂದೇ ಸಾಲಿನಲ್ಲಿ ಕೂತು ಓದಿದರು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಸಂಶಯ ಇನ್ನೂ ಪೂರ್ತಿ ಹೋಗಿರಲಿಲ್ಲ. "ಗುರುಗಳೇ, ಒಳ್ಳೆಯದೇ ಆಯಿತು. ಆದರೂ ಏಡಿಕುರ್ವೆ ಎಂಬ ನೆಲ ಎಲ್ಲೂ ಇರಲಿಲ್ಲವಲ್ಲ?" ಎಂದ.

"ಗೋಯ್ದ ಊರಿಗೆ ಬರುವ ಮೊದಲು ಬಂದಿಳಿದದ್ದು ಅಲ್ಲಿಗೇ, ಮಗಳು ಚಿಪ್ಪು ತಂದಿಟ್ಟ ದಿನ" ಎಂದರು ಗುರುಗಳು.